ತಿನ್ನಲು ಕಡಲಕಳೆ ಕೊಯ್ಯುವವರು ಮೊದಲು ನೋಡಬೇಕಾದದ್ದು ಜಾತಿಯನ್ನೋ, ನೀರನ್ನೋ?

ಅಲೆಯಂಚು

ಎಲ್ಲರಿಗೂ ನಮಸ್ಕಾರ. ಇಳಿತದ ಹೊತ್ತಿನಲ್ಲಿ ಕಡಲಂಚಿನ ಬಂಡೆಗಳ ಮೇಲೆ ಕಾಣಸಿಗುವ ಕಡಲಕಳೆಗಳಲ್ಲಿ ತಿನ್ನಲು ಯೋಗ್ಯವಾದವನ್ನು ಗುರುತಿಸಿ ಕೊಯ್ದು ತರುವುದನ್ನು ಕ್ರಮವಾಗಿ ಕಲಿಯಬೇಕೆಂದಿದ್ದೇನೆ. ಈ ಬಗ್ಗೆ ಓದುವಾಗ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಅಣಬೆಗಳಲ್ಲಿರುವಂತೆ ಕಡಲಕಳೆಗಳಲ್ಲಿ ಪ್ರಾಣಕ್ಕೆ ಎರವಾಗುವ ಜಾತಿಗಳಿಲ್ಲ, ಆದ್ದರಿಂದ ಹೆಸರು ಗೊತ್ತಿಲ್ಲದಿದ್ದರೂ ಅಂಜದೆ ರುಚಿ ನೋಡಬಹುದು ಎಂಬುದು ಆ ಮಾತು. ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇನ್ನೊಂದು ಪ್ರಶ್ನೆ ಕೊಯ್ಲಿಗೆ ಸಂಬಂಧಿಸಿದ್ದು. ಬುಡಸಮೇತ ಕೀಳಬಾರದೆಂದು ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲಿ ಕತ್ತರಿಸಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಿದಂತಿಲ್ಲ. ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಬಂಡೆಸಾಲು

ಆ ಮಾತು ಅರ್ಧ ನಿಜ, ಮತ್ತು ಅರ್ಧ ನಿಜವಾಗಿರುವುದರಿಂದಲೇ ಅಪಾಯಕಾರಿ. ಬಂಡೆಗೆ ಕಚ್ಚಿಕೊಂಡು ಬೆಳೆಯುವ ದೊಡ್ಡ ಕಡಲಕಳೆಗಳಲ್ಲಿ ಬಹುಪಾಲು ವಿಷಕಾರಿಯಲ್ಲ ಎಂಬುದು ಸರಿ. ಹೆಚ್ಚಿನವು ತಿನ್ನಲಾಗದಷ್ಟು ಗಡುಸಾಗಿರುತ್ತವೆ, ಇಲ್ಲವೇ ಸಪ್ಪೆಯಾಗಿರುತ್ತವೆ, ಅಷ್ಟೇ. ತಂಪು ನೀರಿನ ತೀರಗಳಲ್ಲಿ ಬೆಳೆಯುವ ಡೆಸ್ಮರೆಸ್ಟಿಯಾ ಎಂಬ ಕಂದು ಕಳೆಯನ್ನು ಮಾತ್ರ ಎಲ್ಲರೂ ಹೆಸರಿಟ್ಟು ನೆನಪಿಟ್ಟುಕೊಳ್ಳಬೇಕು. ಅದರ ಕೆಲವು ಜಾತಿಗಳು ತಮ್ಮ ಜೀವಕೋಶಗಳೊಳಗೆ ಗಂಧಕಾಮ್ಲವನ್ನು ಕೂಡಿಟ್ಟುಕೊಂಡಿರುತ್ತವೆ. ಕಿತ್ತೊಡನೆ ಕೋಶಗಳು ಒಡೆದು ಆಮ್ಲ ಹೊರಬರುತ್ತದೆ, ಅದೇ ಚೀಲದಲ್ಲಿರುವ ಉಳಿದ ಕಳೆಗಳೂ ಬಣ್ಣಗೆಟ್ಟು ಲೋಳೆಯಾಗುತ್ತವೆ. ಒಂದೇ ಚೀಲಕ್ಕೆ ಎಲ್ಲವನ್ನೂ ತುರುಕಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಆದರೆ ಪ್ರಾಣಾಪಾಯವೇ ಇಲ್ಲವೆಂದು ಹೇಳುವವರು ಗುವಾಮ್ ದ್ವೀಪದಲ್ಲಿ ನಡೆದದ್ದನ್ನು ತಿಳಿದಿರಬೇಕು. 1991ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಬಗೆಯ ಕೆಂಪು ಕಡಲಕಳೆಯನ್ನು ತಿಂದ 13 ಮಂದಿ ಅಸ್ವಸ್ಥರಾದರು, ಅವರಲ್ಲಿ ಮೂವರು ಸತ್ತರು. ಅದು ಅಪರಿಚಿತ ಜಾತಿಯಾಗಿರಲಿಲ್ಲ. ಅಲ್ಲಿನವರು ಮೊದಲಿನಿಂದಲೂ ತಿನ್ನುತ್ತಿದ್ದದ್ದೇ. ಆ ವಿಷಕ್ಕೆ ಮುಂದೆ ಪಾಲಿಕ್ಯಾವರ್ನೋಸೈಡ್ ಎಂದು ಹೆಸರಿಡಲಾಯಿತು, ಮತ್ತು ಅದು ಆ ಕಳೆಯ ಸ್ವಂತದ್ದಾಗಿರದೆ ಅದರ ಮೈಮೇಲೆ ಬೆಳೆಯುವ ನೀಲಿಹಸಿರು ಬ್ಯಾಕ್ಟೀರಿಯಾಗಳಿಂದ ಬಂದಿರಬಹುದೆಂಬ ಅನುಮಾನ ವಿಜ್ಞಾನಿಗಳಲ್ಲಿದೆ. ಜಾತಿಯನ್ನು ಸರಿಯಾಗಿ ಗುರುತಿಸಿದ್ದರೂ ಆ ಜನರಿಗೆ ರಕ್ಷಣೆ ಸಿಗಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಯಾವ ಕಳೆ’ ಎಂಬುದಲ್ಲ, ‘ಇದು ಯಾವ ನೀರಿನಲ್ಲಿ ಬೆಳೆದದ್ದು’ ಎಂಬುದು.

ಅಲೆಯಂಚು

ವಿವರಕ್ಕೆ ಧನ್ಯವಾದಗಳು ಬಂಡೆಸಾಲು ಅವರೇ. ಆದರೆ ನೀರನ್ನು ಕಣ್ಣಿನಿಂದ ನೋಡಿ ಅಳೆಯುವುದು ಹೇಗೆ? ನೋಡಲು ತಿಳಿಯಾಗಿರುವ ನೀರೂ ಕೆಟ್ಟದ್ದಾಗಿರಬಹುದಲ್ಲವೇ?

ಬಂಡೆಸಾಲು

ನೀರನ್ನು ನೋಡಿ ತಿಳಿಯುವುದು ಕಡಿಮೆ, ನೆಲವನ್ನು ನೋಡಿ ತಿಳಿಯುವುದೇ ಹೆಚ್ಚು. ಕೊಯ್ಯಲು ಹೊರಡುವ ಮುನ್ನ ಆ ತೀರದ ನಕ್ಷೆಯನ್ನು ಹರಡಿಕೊಂಡು ಕುಳಿತುಕೊಳ್ಳಿ. ಚರಂಡಿ ನೀರು ಎಲ್ಲಿ ಕಡಲಿಗೆ ಬೀಳುತ್ತದೆ, ನದಿ ಎಲ್ಲಿ ಸೇರುತ್ತದೆ, ಆ ನದಿಯ ಮೇಲ್ಭಾಗದಲ್ಲಿ ಕಾರ್ಖಾನೆಗಳೋ ಹಳೆಯ ಗಣಿಗಳೋ ಇವೆಯೇ, ಬಂದರು ಎಷ್ಟು ದೂರದಲ್ಲಿದೆ, ಅಲ್ಲಿಂದ ಪ್ರವಾಹ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ. ದೋಣಿಗಳ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಬಳಿಯುವ ಬಣ್ಣಗಳಲ್ಲಿ ಸಾಮಾನ್ಯವಾಗಿ ತಾಮ್ರವಿರುತ್ತದೆ, ಆದ್ದರಿಂದ ದೋಣಿಗಳು ಸಾಲಾಗಿ ನಿಲ್ಲುವ ಜಾಗದ ಕಳೆ ಎಷ್ಟೇ ಸೊಂಪಾಗಿದ್ದರೂ ಅದರ ತಂಟೆಗೆ ಹೋಗಬಾರದು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಕಡಲಕಳೆಗೆ ಬೇರಿಲ್ಲ. ನೆಲದ ಗಿಡಕ್ಕೆ ಮಣ್ಣು ಮತ್ತು ಬೇರುಗಳು ಒಂದಿಷ್ಟು ತಡೆಯನ್ನು ಒಡ್ಡುತ್ತವೆ, ಆದರೆ ಕಡಲಕಳೆ ತನಗೆ ಬೇಕಾದ್ದನ್ನೆಲ್ಲ ಮೈಯ ಮೂಲಕವೇ ನೀರಿನಿಂದ ಹೀರಿಕೊಳ್ಳುತ್ತದೆ, ಬೇಡವಾದದ್ದನ್ನೂ ಹಾಗೆಯೇ ಹೀರುತ್ತದೆ. ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್‌ಗಳು ಅದರೊಳಗೆ ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹಲವು ಪಟ್ಟು ಸಾಂದ್ರವಾಗಿ ಸೇರಬಲ್ಲವು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಲೋಹಗಳು ಕರಗಿ ಮಾಯವಾಗುವುದಿಲ್ಲ.

ಕಣ್ಣಿಗೆ ಕಾಣುವ ಒಂದು ಸೂಚನೆಯಂತೂ ಇದೆ. ಉಲ್ವಾ ಎಂಬ ತೆಳುಹಾಳೆಯ ಹಸಿರು ಕಳೆ ಪ್ರಪಂಚದ ಬಹುತೇಕ ಎಲ್ಲ ಕಡಲಂಚುಗಳಲ್ಲೂ ಸಿಗುತ್ತದೆ, ತಿನ್ನಲೂ ಯೋಗ್ಯ, ಹೊಸಬರಿಗೆ ಗುರುತಿಸಲೂ ಸುಲಭ. ಆದರೆ ಒಂದು ತೀರದಲ್ಲಿ ಉಳಿದ ಯಾವ ಕಳೆಯೂ ಕಾಣದೆ ಉಲ್ವಾ ಒಂದೇ ದಟ್ಟವಾಗಿ ಹಾಸಿಕೊಂಡಿದ್ದರೆ ಅದನ್ನು ಸಮೃದ್ಧಿಯೆಂದು ತಿಳಿಯಬೇಡಿ. ಗೊಬ್ಬರದ ಹರಿವೋ ಚರಂಡಿಯೋ ತಂದು ಸುರಿಯುವ ಸಾರಜನಕವನ್ನು ಉಂಡು ಅದು ಹಾಗೆ ಉಕ್ಕುತ್ತದೆ. ಬೀಜಿಂಗ್ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ, 2008ರಲ್ಲಿ, ಹಾಯಿದೋಣಿ ಸ್ಪರ್ಧೆಗಳು ನಡೆಯಬೇಕಿದ್ದ ಚಿಂಗ್‌ಡಾವ್‌ನ ಕಡಲನ್ನು ಮುಚ್ಚಿದ ಹಸಿರು ರಾಶಿಯೂ ಉಲ್ವಾ ಕುಲದ್ದೇ. ಕಂದು, ಕೆಂಪು, ಹಸಿರು ಕಳೆಗಳು ಬೆರೆತು ಬೆಳೆದಿರುವ, ಅಲೆ ಚೆನ್ನಾಗಿ ಹೊಡೆಯುವ, ಜನವಸತಿಯಿಂದ ದೂರವಿರುವ ಬಂಡೆಯೇ ಮೇಲು. ಜೋರು ಮಳೆ ಬಂದು ನೆಲದ ಕೊಳೆಯೆಲ್ಲ ಕಡಲಿಗೆ ಇಳಿದ ಬಳಿಕ ಕೆಲವು ದಿನ ಸುಮ್ಮನಿರಬೇಕು. ಮಾಲಿನ್ಯದ ಕಾರಣಕ್ಕೆ ಚಿಪ್ಪುಮೀನು ಹಿಡಿಯಬಾರದೆಂದು ಫಲಕ ಹಾಕಿರುವ ಕಡೆ ಕಳೆಯನ್ನೂ ಕೊಯ್ಯಬಾರದು. ಫಲಕದಲ್ಲಿ ಕಳೆಯ ಹೆಸರಿಲ್ಲವಲ್ಲ ಎಂದು ವಾದಿಸುವವರನ್ನು ನೋಡಿದ್ದೇನೆ. ಕಡಲಿಗೆ ಆ ವಾದ ಕೇಳಿಸುವುದಿಲ್ಲ.

ಪ್ರಶ್ನಾರ್ಥಕ

ನೀರೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬಂತೆ ಬಂಡೆಸಾಲು ಅವರು ಬರೆದಿರುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹಿಜಿಕಿಯನ್ನು ತೆಗೆದುಕೊಳ್ಳಿ. ಅದು ಸರ್ಗಾಸಮ್ ಕುಲಕ್ಕೆ ಸೇರಿದ ಕಂದು ಕಳೆ, ಒಣಗಿಸಿದಾಗ ಕಪ್ಪು ಎಳೆಗಳಂತೆ ಕಾಣುತ್ತದೆ. ಎಷ್ಟು ಶುದ್ಧ ನೀರಿನಲ್ಲಿ ಬೆಳೆದರೂ ಅದರಲ್ಲಿ ಅಜೈವಿಕ ಆರ್ಸೆನಿಕ್, ಅಂದರೆ ನಿಜವಾಗಿಯೂ ಹಾನಿಕಾರಕವಾದ ರೂಪದ ಆರ್ಸೆನಿಕ್, ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಕೆನಡಾ 2001ರಲ್ಲಿ, ಬ್ರಿಟನ್ 2004ರಲ್ಲಿ ಅದನ್ನು ತಿನ್ನದಿರುವಂತೆ ತಮ್ಮ ಜನರಿಗೆ ಸಲಹೆ ನೀಡಿದವು. ಬೇರೆ ಬಹುತೇಕ ಕಳೆಗಳಲ್ಲಿಯೂ ಆರ್ಸೆನಿಕ್ ಇರುತ್ತದೆ, ಆದರೆ ಅದು ಹೆಚ್ಚಾಗಿ ಸಕ್ಕರೆಯೊಡನೆ ಬೆಸೆದುಕೊಂಡ ಜೈವಿಕ ರೂಪದಲ್ಲಿರುವುದರಿಂದ ಅದರ ಅಪಾಯ ಕಡಿಮೆ ಎಂದು ಪರಿಗಣಿಸಲಾಗಿದೆ. ಇಲ್ಲಿ ವ್ಯತ್ಯಾಸ ಮಾಡಿದ್ದು ಜಾತಿ, ನೀರಲ್ಲ. ಹೆಸರು ತಿಳಿಯದೆ ತಿನ್ನಬಹುದು ಎಂಬ ಅರ್ಥ ಯಾರಿಗೂ ಬಾರದಿರಲಿ ಎಂದು ಇದನ್ನು ಬರೆದೆ.

ಬಂಡೆಸಾಲು

ಪ್ರಶ್ನಾರ್ಥಕ ಅವರ ಆಕ್ಷೇಪಣೆ ಸರಿಯಾಗಿದೆ. ಹೆಸರು ತಿಳಿಯದದ್ದನ್ನು ತಿನ್ನಬಾರದು, ಹೆಸರು ತಿಳಿದದ್ದನ್ನೂ ಕೆಟ್ಟ ನೀರಿನಿಂದ ತಂದು ತಿನ್ನಬಾರದು. ನಾನು ಹೇಳಿದ್ದು ಯಾವುದು ಮೊದಲು ಎಂಬುದರ ಬಗ್ಗೆ ಮಾತ್ರ. ಜಾಗ ಸರಿಯಿಲ್ಲವೆಂದು ತಿಳಿದ ಮೇಲೆ ಜಾತಿಯನ್ನು ಹುಡುಕುವ ಶ್ರಮವೇ ಬೇಕಾಗುವುದಿಲ್ಲ.

ಜೀವಕೋಶ

ಅಲೆಯಂಚು ಅವರ ಎರಡನೆಯ ಪ್ರಶ್ನೆಗೆ ಯಾರೂ ಕೈಹಾಕದಿರುವುದರಿಂದ ನಾನು ಬರೆಯುತ್ತಿದ್ದೇನೆ. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಎಲ್ಲ ಕಳೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ, ಏಕೆಂದರೆ ಬೇರೆ ಬೇರೆ ಕಳೆಗಳು ಬೇರೆ ಬೇರೆ ಭಾಗದಿಂದ ಬೆಳೆಯುತ್ತವೆ. ಬೆಳವಣಿಗೆಯ ಜಾಗ ಎಲ್ಲಿದೆ ಎಂಬುದು ತಿಳಿದರೆ ಕತ್ತರಿ ಎಲ್ಲಿ ಆಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೆಲ್ಪ್ ಎಂದು ಕರೆಯುವ ದೊಡ್ಡ ಕಂದು ಕಳೆಗಳನ್ನು ನೋಡಿ. ಕೊಂಬು, ವಕಾಮೆ ಎಂಬ ಜಪಾನೀ ಹೆಸರುಗಳಲ್ಲಿ ಮಾರಾಟವಾಗುವವು ಈ ಗುಂಪಿನವೇ. ಇವುಗಳಲ್ಲಿ ಬಂಡೆಯನ್ನು ಕಚ್ಚಿ ಹಿಡಿದಿರುವ ಬುಡ, ಅದರ ಮೇಲೊಂದು ದಂಟು, ದಂಟಿನ ಮೇಲೆ ಅಗಲವಾದ ಹಾಳೆ ಎಂಬ ಮೂರು ಭಾಗಗಳಿರುತ್ತವೆ. ದಂಟು ಮತ್ತು ಹಾಳೆ ಸೇರುವ ಸಂದಿಯಲ್ಲಿ ಬೆಳವಣಿಗೆ ನಡೆಯುತ್ತದೆ; ಅಲ್ಲಿ ಹುಟ್ಟಿದ ಹೊಸ ಭಾಗ ಹಳೆಯದನ್ನು ಮೇಲಕ್ಕೆ ತಳ್ಳುತ್ತಾ ಹೋಗುತ್ತದೆ. ಹಾಳೆಯ ತುದಿ ಅತ್ಯಂತ ಹಳೆಯದು, ಅಲೆಗೆ ಸಿಕ್ಕಿ ಚಿಂದಿಯಾಗಿರುವುದೂ ಅದೇ. ಹಾಗಾಗಿ ಆ ಸಂದಿಯಿಂದ ಮೇಲೆ ಕನಿಷ್ಠ ಒಂದು ಗೇಣು ಹಾಳೆಯನ್ನು ಬಿಟ್ಟು ಕತ್ತರಿಸಿದರೆ ಅದು ಮತ್ತೆ ಬೆಳೆಯುತ್ತದೆ. ಸಂದಿಯ ಕೆಳಗೆ ಕತ್ತರಿಸಿದರೆ ಬುಡ ಬಂಡೆಯ ಮೇಲೆ ಉಳಿದಿದ್ದರೂ ಹೆಚ್ಚಿನ ಜಾತಿಗಳಲ್ಲಿ ಆ ಕಳೆ ಸತ್ತಂತೆಯೇ ಸರಿ. ಬುಡವನ್ನು ಉಳಿಸಿದೆನಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಗಾಳಿಗುಳ್ಳೆಗಳಿರುವ ಫ್ಯೂಕಸ್, ಆಸ್ಕೋಫಿಲಮ್ ಎಂಬ ಕಂದು ಕಳೆಗಳ ಕತೆ ತದ್ವಿರುದ್ಧ. ಅವು ತುದಿಯಿಂದ ಬೆಳೆಯುತ್ತವೆ. ಆಸ್ಕೋಫಿಲಮ್ ತುಂಬಾ ನಿಧಾನವಾಗಿ ಬೆಳೆಯುತ್ತದೆ, ಮುಖ್ಯ ಎಳೆಯ ಉದ್ದಕ್ಕೂ ಸಾಮಾನ್ಯವಾಗಿ ವರ್ಷಕ್ಕೊಂದು ಗುಳ್ಳೆ ಮೂಡುತ್ತದೆ. ಗುಳ್ಳೆಗಳನ್ನು ಎಣಿಸಿದರೆ ಆ ಎಳೆಯ ವಯಸ್ಸು ಅಂದಾಜಿಗೆ ಸಿಗುತ್ತದೆ. ಕೈಯಲ್ಲಿ ಹಿಡಿದ ಎಳೆಯಲ್ಲಿ ಎಂಟು ಹತ್ತು ಗುಳ್ಳೆಗಳು ಕಂಡರೆ ಕತ್ತರಿ ಹಾಕುವ ಮುನ್ನ ಯಾರಾದರೂ ಒಂದು ಕ್ಷಣ ಯೋಚಿಸಿಯಾರು. ಇವುಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆಯ ತುದಿಯನ್ನಷ್ಟೇ ತೆಗೆದು ಉಳಿದದ್ದನ್ನು ಬಿಡುವುದು ಸರಿ. ಉಲ್ವಾದಲ್ಲಿ ಬೆಳವಣಿಗೆ ಹಾಳೆಯ ತುಂಬಾ ಹರಡಿರುವುದರಿಂದ ಬುಡದ ಕಡೆಯ ಅರ್ಧವನ್ನು ಉಳಿಸಿದರೆ ಸಾಕು.

ಜಪಾನೀ ಅಡುಗೆಯಲ್ಲಿ ಬಳಸುವ ನೋರಿ ಎಂಬ ಒಣಹಾಳೆಯನ್ನು ತಯಾರಿಸಲು ಬೇಕಾದ ಪೊರ್ಫೈರಾ ಗುಂಪಿನ ತೆಳು ಕೆಂಗಂದು ಹಾಳೆಗಳ ಬಗ್ಗೆ ಒಂದು ವಿಶೇಷ ಹೇಳಬೇಕು. ವರ್ಷದ ಒಂದು ಭಾಗದಲ್ಲಿ ಬಂಡೆಯ ಮೇಲೆ ಧಾರಾಳವಾಗಿದ್ದ ಈ ಹಾಳೆಗಳು ಬಿಸಿಲು ಏರುತ್ತಿದ್ದಂತೆ ಕಾಣೆಯಾಗುತ್ತವೆ. ಅವು ಎಲ್ಲಿಗೆ ಹೋಗುತ್ತವೆಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ಬ್ರಿಟಿಷ್ ವಿಜ್ಞಾನಿ 1949ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಸತ್ತ ಚಿಪ್ಪುಗಳ ಒಳಗೆ ಕೊರೆದುಕೊಂಡು ಬೆಳೆಯುವ, ಅದುವರೆಗೂ ಬೇರೆಯೇ ಜೀವಿಯೆಂದು ಹೆಸರಿಟ್ಟಿದ್ದ, ಗುಲಾಬಿ ಬಣ್ಣದ ಸೂಕ್ಷ್ಮ ಎಳೆಗಳು ಪೊರ್ಫೈರಾದ್ದೇ ಇನ್ನೊಂದು ಅವಸ್ಥೆ ಎಂದು ಅವರು ತೋರಿಸಿದರು. ಜಪಾನಿನ ನೋರಿ ಕೃಷಿ ಅದೃಷ್ಟವನ್ನು ನೆಚ್ಚಿಕೊಳ್ಳುವುದನ್ನು ಬಿಟ್ಟು ಬೀಜ ಬಿತ್ತುವ ಬೇಸಾಯವಾದದ್ದು ಈ ಶೋಧದ ಮೇಲೆ. ನಮಗೆ ಇದರಿಂದ ತಿಳಿಯುವುದು ಎರಡು ಸಂಗತಿ: ಪೊರ್ಫೈರಾ ಕಾಣದಿದ್ದರೆ ಕೊಯ್ದವರೇ ಮುಗಿಸಿದರೆಂದು ಹೇಳಲಾಗದು, ಮತ್ತು ಆ ತೀರದ ಖಾಲಿ ಚಿಪ್ಪುಗಳನ್ನು ಚೀಲ ತುಂಬಿಕೊಂಡು ಬರಬಾರದು.

ಹಿತಮಿತ

ಕೊಯ್ಲಿನ ಮಾತಿನ ನಡುವೆ ತಿನ್ನುವ ಪ್ರಮಾಣದ ವಿಚಾರ ಮರೆಯಬಾರದು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಇದಕ್ಕಿಂತ ಹೆಚ್ಚು ತಿನ್ನಬಹುದಾದ ಗರಿಷ್ಠ ಮಿತಿಯನ್ನು ಯುರೋಪಿನಲ್ಲಿ 600 ಮೈಕ್ರೋಗ್ರಾಂ ಎಂದೂ ಅಮೆರಿಕದಲ್ಲಿ 1,100 ಮೈಕ್ರೋಗ್ರಾಂ ಎಂದೂ ಇಟ್ಟಿದ್ದಾರೆ. ಒಣಗಿದ ಕೆಲ್ಪ್‌ನ ಒಂದೇ ಒಂದು ಗ್ರಾಮಿನಲ್ಲಿ ಕೆಲವೊಮ್ಮೆ 2,000 ಮೈಕ್ರೋಗ್ರಾಂಗಿಂತ ಹೆಚ್ಚು ಅಯೋಡಿನ್ ಇರುತ್ತದೆ, ಆದರೆ ನೋರಿಯ ಒಂದು ಗ್ರಾಮಿನಲ್ಲಿ ಇರುವುದು ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರೋಗ್ರಾಂ ಮಾತ್ರ. ಎರಡಕ್ಕೂ ಕಡಲಕಳೆ ಎಂಬ ಒಂದೇ ಹೆಸರಿದ್ದರೂ ತಟ್ಟೆಗೆ ಬಂದಾಗ ಒಂದನ್ನು ಸೊಪ್ಪಿನಂತೆಯೂ ಇನ್ನೊಂದನ್ನು ಮಸಾಲೆಯಂತೆಯೂ ಎಣಿಸಬೇಕಾಗುತ್ತದೆ.

ಕೆಲ್ಪನ್ನು ನೀರಿನಲ್ಲಿ ಕುದಿಸಿದರೆ ಅಯೋಡಿನ್ನಿನ ಬಹುಭಾಗ ನೀರಿಗೆ ಇಳಿಯುತ್ತದೆ. ಕುದಿಸಿದ ನೀರನ್ನು ಚೆಲ್ಲಿದರೆ ಅಯೋಡಿನ್ ಹೋಯಿತು, ಅದನ್ನೇ ಸಾರವೆಂದು ಕುಡಿದರೆ ಅಷ್ಟೂ ಒಳಗೆ ಹೋಯಿತು. ಥೈರಾಯ್ಡ್ ತೊಂದರೆಯಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಕೆಲ್ಪ್ ತಿನ್ನಬಾರದು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುವವರು ಕಳೆಗಳಲ್ಲಿರುವ ಕೆ ವಿಟಮಿನ್ನಿನ ಕಾರಣಕ್ಕೂ ಎಚ್ಚರದಿಂದಿರಬೇಕು. ಸಿಗಡಿ, ಏಡಿಗಳ ಅಲರ್ಜಿ ಇರುವವರು ಕಳೆಯ ಮಡಿಕೆಗಳಲ್ಲಿ ಅಡಗಿರುವ ಸಣ್ಣ ಚಿಪ್ಪುಜೀವಿಗಳನ್ನು ಮರೆಯುವಂತಿಲ್ಲ.

ನೀರಿಳಿತ

ಇಳಿತದ ವೇಳಾಪಟ್ಟಿಯ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ, ಹೆಚ್ಚಾಗಿ ಒಂದೆರಡು ದಿನ ಕಳೆದ ಮೇಲೆ, ನೀರು ಅತಿ ಹೆಚ್ಚು ಏರಿ ಅತಿ ಕೆಳಕ್ಕೆ ಇಳಿಯುತ್ತದೆ. ಕೆಲ್ಪ್‌ಗಳು ಮತ್ತು ಹಲವು ಕೆಂಪು ಕಳೆಗಳು ಬೆಳೆಯುವ ಕೆಳಗಿನ ಪಟ್ಟಿ ಹೊರಗೆ ಕಾಣುವುದು ಬಹುತೇಕ ಆ ದಿನಗಳಲ್ಲಿ ಮಾತ್ರ. ಅರ್ಧಚಂದ್ರನ ದಿನಗಳಲ್ಲಿ ಹೋದರೆ ಮೇಲಿನ ಪಟ್ಟಿಯ ಕಳೆಗಳಷ್ಟೇ ಕೈಗೆಟುಕುತ್ತವೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ನೀರು ತೀರಾ ಕೆಳಗಿಳಿಯುವ ಸಮಯಕ್ಕೆ ಒಂದೂವರೆ ಎರಡು ಗಂಟೆ ಮೊದಲೇ ಹೋಗಿ, ಇಳಿಯುವ ನೀರಿನ ಹಿಂದೆ ಹಿಂದೆಯೇ ಕೆಳಕ್ಕೆ ಸಾಗಿ, ನೀರು ತಿರುಗಿದೊಡನೆ ಮೇಲಕ್ಕೆ ಬಂದುಬಿಡಬೇಕು. ಕಡಲಿಗೆ ಬೆನ್ನು ತಿರುಗಿಸಿ ಬಗ್ಗಿ ಕೊಯ್ಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕಳೆಯ ವಿಷದಿಂದ ಆಗುವ ಅನಾಹುತಕ್ಕಿಂತ ಜಾರುವ ಬಂಡೆ ಮತ್ತು ಅನಿರೀಕ್ಷಿತ ಅಲೆಯಿಂದ ಆಗುವ ಅನಾಹುತದ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರೇ ಹೋಗಬೇಡಿ.

ಅಲೆಯಂಚು

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕೊಯ್ದ ಮೇಲೆ ತೊಳೆಯುವುದು, ಒಣಗಿಸುವುದು ಹೇಗೆಂದು ಜೀವಕೋಶ ಅವರು ತಿಳಿಸಬಹುದೇ? ಒಣಗಿಸಿದ ಕೆಲ್ಪ್‌ನ ಮೇಲೆ ಬಿಳಿ ಪುಡಿ ಕೂತಿರುವ ಚಿತ್ರಗಳನ್ನು ನೋಡಿದ್ದೇನೆ. ಅದು ಬೂಷ್ಟೇ?

ಜೀವಕೋಶ

ಕೊಯ್ದ ಜಾಗದಲ್ಲಿಯೇ ಕಡಲ ನೀರಿನಿಂದ ಜಾಲಾಡಿ ಮರಳು, ಬಸವನಹುಳುಗಳನ್ನು ಕಳಚಿಬಿಡಿ. ಸಿಹಿನೀರಿನಲ್ಲಿ ನೆನೆಹಾಕಿಟ್ಟರೆ ಕೋಶಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ಕಳೆ ಬೇಗ ಲೋಳೆಯಾಗುತ್ತದೆ. ಆದ್ದರಿಂದ ಸಿಹಿನೀರಿನ ತೊಳೆತವನ್ನು ಅಡುಗೆಗೆ ಮುನ್ನ ಇಟ್ಟುಕೊಳ್ಳುವುದು ಒಳ್ಳೆಯದು. ಒಣಗಿಸುವುದಾದರೆ ಒಂದರ ಮೇಲೊಂದು ಬೀಳದಂತೆ ಗಾಳಿಯಾಡುವಲ್ಲಿ ತೂಗುಹಾಕಿ, ಮುರಿದರೆ ಲಟಕ್ಕೆಂದು ಮುರಿಯುವಷ್ಟು ಒಣಗಿದ ಮೇಲೆ ಗಾಳಿ ಹೊಗದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಬಗ್ಗುವಷ್ಟು ತೇವವಿದ್ದರೆ ಅದು ಉಳಿಯುವುದಿಲ್ಲ.

ಬಿಳಿ ಪುಡಿ ಹೆಚ್ಚಿನ ಸಂದರ್ಭಗಳಲ್ಲಿ ಬೂಷ್ಟಲ್ಲ. ಕೆಲ್ಪ್ ತನ್ನೊಳಗೆ ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥವನ್ನು ತಯಾರಿಸಿಕೊಳ್ಳುತ್ತದೆ, ಒಣಗುವಾಗ ಅದು ಉಪ್ಪಿನೊಡನೆ ಹೊರಬಂದು ಹಾಳೆಯ ಮೇಲೆ ತೆಳ್ಳಗೆ ಕೂರುತ್ತದೆ. ನಾಲಗೆಗೆ ತಾಗಿಸಿದರೆ ನಸುಸಿಹಿ. ಅದನ್ನು ಉಜ್ಜಿ ತೊಳೆದರೆ ರುಚಿಯನ್ನೇ ತೊಳೆದಂತೆ. ಬೂಷ್ಟಾದರೆ ಎಳೆ ಎಳೆಯಾಗಿ ನೆಗೆದಿರುತ್ತದೆ, ಹಸಿರು ಇಲ್ಲವೇ ಬೂದು ಛಾಯೆಯಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಅಂಥದ್ದನ್ನು ಎಸೆಯಬೇಕು. ಕೆಲ್ಪ್‌ನ ನಿಜವಾದ ಹೆಚ್ಚುಗಾರಿಕೆ ಗ್ಲುಟಮೇಟ್‌ನಲ್ಲಿದೆ. ಟೋಕಿಯೋದ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬುವಿನ ಸಾರದಿಂದ ಇದನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳ ಸಾಲಿಗೆ ಸೇರದ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು.

ಹಸಿ ಕೆಲ್ಪ್‌ನ ತುಂಡೊಂದನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಮಾಸಲು ಕಂದು ಹಾಳೆ ಕಣ್ಣೆದುರಿಗೇ ಎಳೆಚಿಗುರಿನ ಹಸಿರಾಗುತ್ತದೆ. ಕಂದು ಬಣ್ಣ ಕೊಡುವ ಫ್ಯೂಕೋಜ್ಯಾಂಥಿನ್ ಪ್ರೋಟೀನಿನೊಡನೆ ಹಿಡಿದಿದ್ದ ಕಟ್ಟು ಬಿಸಿಗೆ ಸಡಿಲಗೊಂಡು, ಅಷ್ಟು ಹೊತ್ತು ಮರೆಯಲ್ಲಿದ್ದ ಪತ್ರಹರಿತ್ತಿನ ಬಣ್ಣ ಮೇಲೆ ಬರುವುದರಿಂದ ಹೀಗಾಗುತ್ತದೆ. ಕೆಟ್ಟುಹೋಯಿತೆಂದು ಗಾಬರಿಪಡಬೇಕಾಗಿಲ್ಲ.

ಪ್ರಶ್ನಾರ್ಥಕ

ಕಾನೂನಿನ ಮಾತು ಇದುವರೆಗೆ ಬಂದಿಲ್ಲ. ಕಡಲಂಚು ಎಲ್ಲರದ್ದೆಂಬ ಭಾವನೆಯಿಂದ ಹೊರಡುವುದು ಸರಿಯಲ್ಲ, ಏಕೆಂದರೆ ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ ಇವೆ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಬಳಕೆಗೆ ದಿನಕ್ಕೆ 10 ಪೌಂಡ್ ಹಸಿ ತೂಕದವರೆಗೆ ಕೊಯ್ಯಬಹುದು, ಆದರೆ ಕಡಲಹುಲ್ಲುಗಳನ್ನೂ ಸೀ ಪಾಮ್ ಎಂಬ ಕೆಲ್ಪನ್ನೂ ಮುಟ್ಟುವಂತಿಲ್ಲ. ಅಮೆರಿಕದ್ದೇ ಆದ ಮೇಯ್ನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ, ಖಾಸಗಿ ಒಡೆತನದ ಉಬ್ಬರವಿಳಿತದ ಪಟ್ಟಿಯಲ್ಲಿ ಬೆಳೆದ ಆಸ್ಕೋಫಿಲಮ್ ಆ ಜಮೀನಿನ ಮಾಲೀಕರ ಸೊತ್ತೆಂದು ತೀರ್ಪಿತ್ತಿತು. ಸಂರಕ್ಷಿತ ಪ್ರದೇಶಗಳಲ್ಲಿ ಅನೇಕ ಕಡೆ ಒಂದು ಎಳೆಯನ್ನೂ ತೆಗೆಯುವಂತಿಲ್ಲ. ನೀವು ಹೋಗುವ ತೀರದ ನಿಯಮವನ್ನು ಸಂಬಂಧಪಟ್ಟ ಇಲಾಖೆಯಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಜೀವಕೋಶ

ಕಡಲಹುಲ್ಲಿನ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಅದು ಕಳೆಯಲ್ಲ. ಬೇರು, ಹೂವು, ಬೀಜಗಳಿರುವ ನಿಜವಾದ ಸಸ್ಯ ಅದು, ಬಂಡೆಗಿಂತ ಹೆಚ್ಚಾಗಿ ಮರಳಿನಲ್ಲಿ ಬೇರೂರಿ ಉದ್ದನೆಯ ಹುಲ್ಲಿನ ಗರಿಯಂತೆ ನಿಂತಿರುತ್ತದೆ. ಮರಿಮೀನುಗಳು ಬೆಳೆಯುವ ತಾಣವದು. ಒಮ್ಮೆ ಕಿತ್ತರೆ ಮತ್ತೆ ಹಬ್ಬಲು ಬಹಳ ಕಾಲ ಹಿಡಿಯುತ್ತದೆ.

ಅಲೆಯಂಚು

ಕೊನೆಯದಾಗಿ ಒಂದು ಪ್ರಶ್ನೆ. ಬಿರುಗಾಳಿಯ ಮರುದಿನ ದಡಕ್ಕೆ ಬಂದು ಬಿದ್ದ ಕಳೆಯ ರಾಶಿಯನ್ನು ಬಳಸಿದರೆ ಬಂಡೆಯ ಮೇಲಿನದ್ದನ್ನು ಕತ್ತರಿಸುವ ಅಗತ್ಯವೇ ಬೀಳುವುದಿಲ್ಲವಲ್ಲ? ಕಡಲಿಗೂ ನಷ್ಟವಿಲ್ಲ, ಕಾಲು ಜಾರುವ ಭಯವೂ ಇಲ್ಲ.

ಬಂಡೆಸಾಲು

ಯೋಚನೆ ಒಳ್ಳೆಯದೇ, ಆದರೆ ಬಾಯಿಗೆ ಬೇಡ. ದಡಕ್ಕೆ ಬಿದ್ದದ್ದು ಬಂಡೆಯಿಂದ ಯಾವಾಗ ಕಿತ್ತುಬಂತು, ಯಾವ ನೀರನ್ನು ಹಾದುಬಂತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುವುದಿಲ್ಲ. ಅಟ್ಲಾಂಟಿಕ್‌ನ ಉಷ್ಣವಲಯದಲ್ಲಿ 2011ರಿಂದೀಚೆಗೆ ರಾಶಿರಾಶಿಯಾಗಿ ದಡ ಸೇರುತ್ತಿರುವ ತೇಲುವ ಸರ್ಗಾಸಮ್‌ನಲ್ಲಿ ಆರ್ಸೆನಿಕ್ ಹೆಚ್ಚಿರುವುದು ಕಂಡುಬಂದಿದೆ.

ದೊಡ್ಡ ರಾಶಿಯಾಗಿದ್ದರೆ ಹತ್ತಿರ ಹೋಗುವಾಗಲೂ ಜೋಪಾನ. ಕಳೆ ಕೊಳೆತಾಗ ಒಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿಕೊಳ್ಳುತ್ತದೆ, ಮೇಲೆ ಒಣಗಿ ಹೆಪ್ಪುಗಟ್ಟಿದ ಪದರವನ್ನು ತುಳಿದು ಮುರಿದರೆ ಅದು ಒಮ್ಮೆಲೇ ಹೊರಬರುತ್ತದೆ. ಫ್ರಾನ್ಸಿನ ಬ್ರಿಟಾನಿ ಪ್ರಾಂತದ ಕಡಲ ದಂಡೆಯೊಂದರಲ್ಲಿ 2009ರಲ್ಲಿ ಹೀಗೆ ಕೊಳೆಯುತ್ತಿದ್ದ ಉಲ್ವಾದ ನಡುವೆ ಸಿಲುಕಿದ ಕುದುರೆಯೊಂದು ಸತ್ತಿತು, ಅದರ ಸವಾರನಿಗೆ ಪ್ರಜ್ಞೆ ತಪ್ಪಿತು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹಿಂದೆ ಸರಿಯಿರಿ, ಮತ್ತು ಆ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಇನ್ನೂ ಬೇಗ ಸರಿಯಿರಿ. ಅನಿಲ ಹೆಚ್ಚಾದಾಗ ಅದನ್ನು ಗ್ರಹಿಸುವ ಮೂಗಿನ ಶಕ್ತಿಯೇ ಕುಂದುತ್ತದೆ. ಆಗತಾನೇ ಬಿದ್ದ, ಇನ್ನೂ ಕೊಳೆಯದ ಕಳೆಯಾದರೆ, ಆ ತೀರದಲ್ಲಿ ಅದಕ್ಕೆ ಅನುಮತಿಯಿದ್ದರೆ, ಸ್ವಲ್ಪ ಒಯ್ದು ಗಿಡಗಳ ಗೊಬ್ಬರಕ್ಕೆ ಬಳಸಿ. ಉಳಿದದ್ದನ್ನು ಅಲ್ಲಿಯೇ ಬಿಡಿ, ಅದನ್ನು ತಿಂದು ಬದುಕುವ ಮರಳಿನ ಹುಳುಗಳೂ ಆ ಹುಳುಗಳನ್ನು ಹೆಕ್ಕುವ ಹಕ್ಕಿಗಳೂ ಅಲ್ಲಿವೆ.